ಘಟ್ಟ ಏರುವ ಮೋಟಾರಿಗೆ ಎಷ್ಟು ಕರೆಂಟು, ಎಷ್ಟು ಹೊತ್ತು?

(ಹಾಸನದಲ್ಲಿ ವಿದ್ಯಾರ್ಥಿಗಳು, ಬೆಳೆಗಾರರು, ನಿವೃತ್ತ ನೌಕರರು ಸೇರಿದ್ದ ಸಂಜೆಯ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ನಿಮ್ಮಲ್ಲಿ ಜಮೀನು, ತೋಟ ಇರುವವರು ಎಷ್ಟು ಜನ? ಕೈ ಎತ್ತಿ. ಅರ್ಧ ಸಭೆಯೇ ಎತ್ತಿತು. ಇನ್ನೊಂದು ಪ್ರಶ್ನೆ, ಇದಕ್ಕೆ ಕೈ ಎತ್ತಬೇಕಾಗಿಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರ್ ಪದೇ ಪದೇ ಬೀಳುತ್ತದೆ, ಅಂದರೆ ತಾನಾಗಿ ಆಫ್ ಆಗುತ್ತದೆ ಎಂದು ಅದರ ಗುಂಡಿಗೆ ಕಡ್ಡಿ ಸಿಕ್ಕಿಸಿ ಮನೆಗೆ ಬಂದು ಮಲಗಿದವರು ಎಷ್ಟು ಜನ?

ನಗುವುದು ಬೇಡ, ನಮ್ಮ ತಂದೆಯೂ ಸಿಕ್ಕಿಸಿದ್ದರು. ಆಲೂಗೆಡ್ಡೆಗೆ ನೀರು ಕಟ್ಟುವ ದಿನ. ವೋಲ್ಟೇಜ್ ಇಳಿದಿತ್ತು. ಸ್ಟಾರ್ಟರ್ ಮೂರು ಸಲ ಬಿತ್ತು. ನಾಲ್ಕನೆಯ ಸಲಕ್ಕೆ ಅವರು ಬೇಲಿಯಿಂದ ಲಂಟಾನದ ಕಡ್ಡಿ ಮುರಿದು ಗುಂಡಿಯ ಸಂದಿಗೆ ಕೊಟ್ಟರು. ರಾತ್ರಿ ಹೋಗಿ ನೋಡಿದರೆ ಪಂಪ್‌ಹೌಸಿನ ತುಂಬ ವಾರ್ನಿಷ್ ಸುಟ್ಟ ವಾಸನೆ. ವೈಂಡಿಂಗ್ ಅಂಗಡಿಯವನು ಸುರುಳಿಯನ್ನು ಹೊರಗೆಳೆದು ನಮ್ಮ ಮುಂದೆ ಹಾಕಿದ. ಕೆಂಪಗಿರಬೇಕಾದ ತಂತಿ ಹೆಚ್ಚು ಹುರಿದ ಕಾಫಿ ಬೀಜದ ಬಣ್ಣಕ್ಕೆ ತಿರುಗಿತ್ತು. "ಸ್ಟಾರ್ಟರ್ ಬೇಡ ಬೇಡ ಅಂದಿದೆ, ನೀವೇ ಕೇಳಿಲ್ಲ" ಎಂದ. ಆಮೇಲೆ ನಾನು ವಿದ್ಯುತ್ ರೈಲು ಎಂಜಿನ್ನುಗಳ ಶೆಡ್ಡಿಗೆ ಕೆಲಸಕ್ಕೆ ಸೇರಿ ಮೂರು ದಶಕ ಕಳೆದೆ. ಅಲ್ಲಿ ಕಲಿತದ್ದರಲ್ಲಿ ಮುಕ್ಕಾಲು ಪಾಲು ಆ ಅಂಗಡಿಯವನ ಮಾತಿನ ವಿಸ್ತರಣೆಯೇ. ಸ್ಟಾರ್ಟರ್ ಯಾವಾಗ ಬೇಡ ಎನ್ನಬೇಕು, ಯಾವಾಗ ಇನ್ನೂ ಸ್ವಲ್ಪ ಹೊತ್ತು ಸುಮ್ಮನಿರಬೇಕು ಎನ್ನುವುದೇ ಇವತ್ತಿನ ವಿಷಯ.

ಮೊದಲು ಮೋಟಾರಿನ ಒಂದು ಗುಣ ಹೇಳುತ್ತೇನೆ. ಪಠ್ಯಪುಸ್ತಕದಲ್ಲಿ ಇದೆ, ಆದರೆ ಅಲ್ಲಿ ಓದಿದಾಗ ಮನಸ್ಸಿಗೆ ನಾಟುವುದಿಲ್ಲ. ತಿರುಗುತ್ತಿರುವ ಪ್ರತಿಯೊಂದು ಮೋಟಾರೂ ಅದೇ ಹೊತ್ತಿಗೆ ಜನರೇಟರ್ ಕೂಡ ಹೌದು. ನಾವು ಕೊಟ್ಟ ವೋಲ್ಟೇಜಿಗೆ ಎದುರಾಗಿ ಅದು ತನ್ನದೇ ವೋಲ್ಟೇಜನ್ನು ಹುಟ್ಟಿಸುತ್ತದೆ. ಪ್ರಯಾಣಿಕರ ಗಾಡಿ ಎಳೆಯುವ ಡಬ್ಲ್ಯುಎಪಿ-4 ಎಂಬ ವಿದ್ಯುತ್ ಎಂಜಿನ್ನಿನಲ್ಲಿ ಹಿಟಾಚಿ ವಿನ್ಯಾಸದ ಆರು ಮೋಟಾರುಗಳಿವೆ. ಒಂದೊಂದೂ 750 ವೋಲ್ಟ್, 900 ಆಂಪಿಯರ್, 630 ಕಿಲೋವಾಟ್. ಅದರ ಸುರುಳಿಗಳ ಒಟ್ಟು ಪ್ರತಿರೋಧವನ್ನು ಲೆಕ್ಕದ ಅನುಕೂಲಕ್ಕೆ 0.03 ಓಮ್ ಎಂದು ಇಟ್ಟುಕೊಳ್ಳಿ. ಹಾಗಾದರೆ 900 ಆಂಪಿಯರ್ ನೂಕಲು ಬೇಕಾದದ್ದು ಬರೀ 27 ವೋಲ್ಟ್. ಉಳಿದ 723 ವೋಲ್ಟ್ ಎಲ್ಲಿಗೆ ಹೋಯಿತು? ಮೋಟಾರು ತಿರುಗುತ್ತಾ ಹುಟ್ಟಿಸಿದ ಎದುರು ವೋಲ್ಟೇಜನ್ನು ಮಣಿಸುವುದಕ್ಕೆ ಹೋಯಿತು. ರೈಲನ್ನು ಎಳೆಯುವ ಕೆಲಸ ಆಗುವುದು ಅಲ್ಲಿಯೇ.

ಈಗ ಗಾಡಿ ನಿಲ್ದಾಣದಲ್ಲಿ ನಿಂತಿದೆ. ಚಕ್ರ ತಿರುಗುತ್ತಿಲ್ಲ, ಎದುರು ವೋಲ್ಟೇಜ್ ಸೊನ್ನೆ. ಆಗ ಒಮ್ಮೆಗೇ 750 ವೋಲ್ಟ್ ಕೊಟ್ಟರೆ? 750ನ್ನು 0.03ರಿಂದ ಭಾಗಿಸಿ. ಹೌದು, 25,000 ಆಂಪಿಯರ್. ಅಷ್ಟು ಕರೆಂಟು ನಿಜವಾಗಿ ಹರಿಯುವ ಮೊದಲೇ ಮೋಟಾರಿನ ಕಥೆ ಮುಗಿದಿರುತ್ತದೆ. ಅಂದರೆ ರೈಲು ಮೋಟಾರಿಗೆ ಅತಿ ಕರೆಂಟಿನ ಅಪಾಯ ಎಲ್ಲೋ ಅಪರೂಪಕ್ಕೆ ಬರುವ ಅಪಘಾತವಲ್ಲ. ಪ್ರತಿ ನಿಲ್ದಾಣದಲ್ಲೂ, ಪ್ರತಿ ಸಲ ಹೊರಡುವಾಗಲೂ ಅದು ಬಾಗಿಲಲ್ಲೇ ನಿಂತಿರುತ್ತದೆ.

ಇದನ್ನು ಮೈಮೇಲೆ ಎಳೆದುಕೊಂಡು ಕಲಿತವನು ಅಮೆರಿಕದ ಫ್ರಾಂಕ್ ಸ್ಪ್ರೇಗ್. 1888ರಲ್ಲಿ ವರ್ಜೀನಿಯಾದ ರಿಚ್ಮಂಡ್ ಊರಿನಲ್ಲಿ ವಿದ್ಯುತ್ ಟ್ರಾಮ್ ಓಡಿಸಿ ಗೆದ್ದವನು. ಆ ಊರಿನಲ್ಲಿ ಹತ್ತು ಅಡಿ ಹೋದರೆ ಒಂದು ಅಡಿ ಏರುವಂಥ ದಿಬ್ಬಗಳಿದ್ದವು. ಉದ್ಘಾಟನೆಗೆ ಮುಂಚೆ ಒಂದು ರಾತ್ರಿ ಪರೀಕ್ಷೆಗೆಂದು ಟ್ರಾಮನ್ನು ದಿಬ್ಬ ಹತ್ತಿಸಿದ. ಹತ್ತಿತು. ಮೇಲೆ ಹೋದ ಮೇಲೆ ಮೋಟಾರು ಕೆಟ್ಟಿತು. ಸುತ್ತ ಜನ ನೆರೆದಿದ್ದಾರೆ. ಸ್ಪ್ರೇಗ್ ಮುಖದ ಮೇಲೆ ಏನೂ ತೋರಿಸದೆ, ಸಣ್ಣ ತೊಂದರೆ, ಉಪಕರಣ ತರಿಸಬೇಕು ಎಂದು ಸಹಾಯಕನನ್ನು ಕಳುಹಿಸಿ, ದೀಪ ಆರಿಸಿ ಸೀಟಿನ ಮೇಲೆ ಮಲಗಿಬಿಟ್ಟ. ಜನ ಬೇಸರಪಟ್ಟು ಮನೆಗೆ ಹೋದರು. ಆಮೇಲೆ ಕತ್ತಲಲ್ಲಿ ಉಪಕರಣ ಬಂತು: ನಾಲ್ಕು ಹೇಸರಗತ್ತೆಗಳು! ಅವು ಟ್ರಾಮನ್ನು ಎಳೆದುಕೊಂಡು ಹೋದವು. ನಮ್ಮ ಶೆಡ್ಡಿನಲ್ಲಿ ಸುಟ್ಟ ಮೋಟಾರು ಬಂದಾಗಲೆಲ್ಲ ನನಗೆ ಆ ನಾಲ್ಕು ಪ್ರಾಣಿಗಳ ನೆನಪು ಬರುತ್ತಿತ್ತು. ಸೋತದ್ದನ್ನು ಸದ್ದಿಲ್ಲದೆ ಎಳೆದು ತರುವ ಕೆಲಸ ನಮ್ಮದೂ ಆಗಿತ್ತು.

ಇದಕ್ಕೆ ಮೊದಲ ಉಪಾಯ ಮೆಟ್ಟಿಲು. ವೋಲ್ಟೇಜನ್ನು ಒಂದೇ ಸಲಕ್ಕೆ ಕೊಡದೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು. ಡಿಸಿ ವಿದ್ಯುತ್ತಿನ ಹಳೆಯ ಗಾಡಿಗಳಲ್ಲಿ ಮೋಟಾರಿನ ಮುಂದೆ ಪ್ರತಿರೋಧದ ಪಟ್ಟಿಗಳನ್ನು ಸೇರಿಸಿ ಒಂದೊಂದಾಗಿ ಕಳಚುತ್ತಿದ್ದರು. 1925ರ ಫೆಬ್ರುವರಿ 3ರಂದು ಮುಂಬೈಯಿಂದ ಕುರ್ಲಾಕ್ಕೆ ಓಡಿದ ನಮ್ಮ ದೇಶದ ಮೊದಲ ವಿದ್ಯುತ್ ರೈಲು ಆ ಡಿಸಿ ಕಾಲದ್ದು, 1500 ವೋಲ್ಟ್. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಎಸಿ ಬಂದ ಮೇಲೆ ಎಂಜಿನ್ನಿನೊಳಗಿನ ಟ್ರಾನ್ಸ್‌ಫಾರ್ಮರಿನಲ್ಲೇ ಮೆಟ್ಟಿಲು ಮಾಡಿದರು. ಗೂಡ್ಸ್ ಎಳೆಯುವ ಡಬ್ಲ್ಯುಎಜಿ-5, ಆಗ ಹೇಳಿದ ಡಬ್ಲ್ಯುಎಪಿ-4 ಎಂಜಿನ್ನುಗಳಲ್ಲಿ ಅಂಥ 32 ಮೆಟ್ಟಿಲುಗಳು. ಚಾಲಕರ ಭಾಷೆಯಲ್ಲಿ ನಾಚ್. ಒಂದು ನಾಚ್ ಹಾಕಿದರೆ ಆಂಪಿಯರ್ ಮೀಟರಿನ ಮುಳ್ಳು ಜಿಗಿಯುತ್ತದೆ, ಗಾಡಿ ವೇಗ ಪಡೆದಂತೆ ಎದುರು ವೋಲ್ಟೇಜ್ ಬೆಳೆದು ಮುಳ್ಳು ತಾನಾಗಿ ಇಳಿಯುತ್ತದೆ. ಇಳಿದ ಮೇಲೆ ಮುಂದಿನ ನಾಚ್. ಒಳ್ಳೆಯ ಚಾಲಕ ಹಳಿಯನ್ನು ನೋಡಿದಷ್ಟೇ ಆ ಮುಳ್ಳನ್ನೂ ನೋಡುತ್ತಾನೆ. ಮುಂಬೈ ಲೋಕಲ್ ಗಾಡಿಗಳಲ್ಲಿ ಈ ಕಾಯುವ ಕೆಲಸವನ್ನು ಒಂದು ರಿಲೇಗೆ, ಅಂದರೆ ಕರೆಂಟನ್ನು ನೋಡಿಕೊಂಡು ತಾನಾಗಿ ಕೆಲಸ ಮಾಡುವ ಸ್ವಿಚ್ಚಿಗೆ, ಒಪ್ಪಿಸಿದ್ದರು. ಚಾಲಕ ಹಿಡಿಯನ್ನು ಪೂರ್ತಿ ತಿರುಗಿಸಿಟ್ಟರೂ ಕರೆಂಟು ಇಳಿಯುವ ತನಕ ರಿಲೇ ಮುಂದಿನ ಮೆಟ್ಟಿಲಿಗೆ ಬಿಡುತ್ತಿರಲಿಲ್ಲ. ಎರಡು ಮೂರು ನಿಮಿಷಕ್ಕೊಂದು ನಿಲ್ದಾಣ ಬರುವ ಕಡೆ ಮನುಷ್ಯನ ತಾಳ್ಮೆಯನ್ನು ನಂಬಿ ಕೂರಲು ಆಗುವುದಿಲ್ಲ.

ಮೆಟ್ಟಿಲಿನ ಮಾತು ಸಾಕು, ಅದು ಸುಲಭದ ಭಾಗ. ಕಷ್ಟ ಇರುವುದು ಘಟ್ಟದಲ್ಲಿ.

ನಮ್ಮ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಮಾರ್ಗ ನಿಮಗೆ ಗೊತ್ತು. ಸುಮಾರು 55 ಕಿಲೋಮೀಟರ್, 57 ಸುರಂಗ, 50 ಅಡಿಗೆ ಒಂದು ಅಡಿ ಏರು. 1979ರಲ್ಲಿ ಮೀಟರ್ ಗೇಜ್ ಆಗಿ ಶುರುವಾಗಿ, 1996ರಲ್ಲಿ ನಿಂತು, ಬ್ರಾಡ್‌ಗೇಜ್ ಆಗಿ 2006ರಲ್ಲಿ ಗೂಡ್ಸ್‌ಗೂ 2007ರ ಕೊನೆಗೆ ಪ್ರಯಾಣಿಕರಿಗೂ ತೆರೆದ ದಾರಿ. ಅಲ್ಲಿ ಓಡಿದ್ದು ಡೀಸೆಲ್ ಎಂಜಿನ್, ವಿದ್ಯುತ್ ಮೋಟಾರಿಗೂ ಅದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧ ಇದೆ. ಆ ಡೀಸೆಲ್ ಎಂಜಿನ್ ಚಕ್ರವನ್ನು ನೇರವಾಗಿ ತಿರುಗಿಸುವುದಿಲ್ಲ. ಅದು ವಿದ್ಯುತ್ ತಯಾರಿಸುತ್ತದೆ, ಚಕ್ರ ತಿರುಗಿಸುವುದು ಅಚ್ಚಿನ ಪಕ್ಕದಲ್ಲಿ ಕೂತಿರುವ ವಿದ್ಯುತ್ ಮೋಟಾರೇ. ಅಂದರೆ ಮೇಲೆ ತಂತಿ ಎಳೆಯುವ ಎಷ್ಟೋ ವರ್ಷ ಮುಂಚೆಯೇ ನಮ್ಮ ಘಟ್ಟವನ್ನು ವಿದ್ಯುತ್ ಮೋಟಾರುಗಳು ಹತ್ತಿವೆ.

50ಕ್ಕೆ 1ರ ಏರಿನಲ್ಲಿ 1,000 ಟನ್ ಗಾಡಿ ಹಿಂದಕ್ಕೆ ಜಾರದಂತೆ ಹಿಡಿದಿಡಲು ಮಾತ್ರವೇ 20 ಟನ್ ಎಳೆತ ಬೇಕು. ಸಮತಟ್ಟು ನೆಲದಲ್ಲಿ ಅದೇ ಗಾಡಿಯನ್ನು ಓಡಿಸುತ್ತಾ ಇರಲು ಎರಡು ಮೂರು ಟನ್ ಸಾಕು. ಹಿಂದಿನಿಂದ ನೂಕಲು ಬ್ಯಾಂಕರ್ ಎಂಜಿನ್ ಕಟ್ಟುವುದು ಅದಕ್ಕೇ. ಎಳೆತ ಹೆಚ್ಚಿದರೆ ಕರೆಂಟು ಹೆಚ್ಚು, ವೇಗ ಕಡಿಮೆಯಾದರೆ ಎದುರು ವೋಲ್ಟೇಜ್ ಕಡಿಮೆ. ಎರಡೂ ಒಂದೇ ಕಡೆಗೆ ನೂಕುತ್ತವೆ.

ಶಾಖದ ಲೆಕ್ಕ ಇನ್ನೂ ನಿರ್ದಯಿ. ಕರೆಂಟು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಆಗ ಹೇಳಿದ ಮೋಟಾರನ್ನೇ ನೋಡಿ. 750 ವೋಲ್ಟ್, 900 ಆಂಪಿಯರ್ ಎಂದರೆ ಒಳಗೆ ಹೋಗುವುದು 675 ಕಿಲೋವಾಟ್, ಹೊರಗೆ ಬರುವುದು 630. ನಡುವೆ ಕಳೆದುಹೋದ 45 ಕಿಲೋವಾಟ್ ಬಹುಪಾಲು ಬಿಸಿಯಾಗಿ ಮೋಟಾರಿನೊಳಗೇ ಉಳಿಯುತ್ತದೆ. ಬಕೆಟ್ಟಿಗೆ ಇಳಿಬಿಟ್ಟು ನೀರು ಕಾಯಿಸುವ ಒಂದು ಕಿಲೋವಾಟಿನ ಕಾಯಿಲ್ ನಿಮಗೆ ಗೊತ್ತು. ಅಂಥ 45 ಕಾಯಿಲ್‌ಗಳನ್ನು ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿದ ಹಾಗೆ. ಹಾಗಾಗಿ ಬ್ಲೋವರ್ ಇಟ್ಟು ಹಗಲಿರುಳು ಗಾಳಿ ತುರುಕುತ್ತಾರೆ. ಕರೆಂಟು ಒಂದೂವರೆ ಪಟ್ಟಾಗಿ 1,350ಕ್ಕೆ ಹೋದರೆ ಸುರುಳಿಯ ಶಾಖ ಎರಡೂಕಾಲು ಪಟ್ಟು. ತಾಮ್ರ ಇದಕ್ಕೆ ಹೆದರುವುದಿಲ್ಲ. ಸಾಯುವುದು ತಾಮ್ರದ ಮೇಲಿನ ಹೊದಿಕೆ. ಬಿ ವರ್ಗದ ಹೊದಿಕೆ 130 ಡಿಗ್ರಿ ತಾಳುತ್ತದೆ, ಎಫ್ 155, ಎಚ್ 180. ಮಿತಿಯ ಮೇಲೆ ಪ್ರತಿ ಹತ್ತು ಡಿಗ್ರಿಗೆ ಹೊದಿಕೆಯ ಆಯಸ್ಸು ಅರ್ಧವಾಗುತ್ತದೆ ಎಂಬುದು ನಮ್ಮವರ ಹಳೆಯ ಅಂದಾಜು.

ಆದರೆ ಮೋಟಾರು ಮೂರು ಟನ್ನಿಗೂ ಹೆಚ್ಚು ತೂಗುತ್ತದೆ. ಅಷ್ಟು ಕಬ್ಬಿಣ, ತಾಮ್ರ ಕಾಯಲು ಹೊತ್ತು ಬೇಕು. ಒಗ್ಗರಣೆ ಸೌಟು ಕ್ಷಣದಲ್ಲಿ ಕಾಯುತ್ತದೆ, ಮದುವೆ ಮನೆಯ ಕೊಪ್ಪರಿಗೆ ಕಾಯುವುದಿಲ್ಲ. ಈ ನಿಧಾನವೇ ಘಟ್ಟದ ಎಂಜಿನ್ನಿನ ಬಂಡವಾಳ. ಒಂದೂವರೆ ಪಟ್ಟು ಕರೆಂಟನ್ನು ಕೆಲವು ನಿಮಿಷ ತಾಳಿಕೊಂಡು ಕಡಿದಾದ ಏರನ್ನು ದಾಟಿಬಿಡಬಹುದು. ಮೋಟಾರುಗಳಿಗೆ ನಿರಂತರ ಸಾಮರ್ಥ್ಯ, ಒಂದು ಗಂಟೆಯ ಸಾಮರ್ಥ್ಯ, ಇಷ್ಟು ನಿಮಿಷದ ಸಾಮರ್ಥ್ಯ ಎಂದು ಬೇರೆ ಬೇರೆ ಅಂಕಿಗಳನ್ನು ಕೊಡುವುದು ಇದೇ ಲೆಕ್ಕದಿಂದ. ಎಷ್ಟು ಕರೆಂಟು ಎಂದು ಮಾತ್ರ ಕೇಳುವ ರಕ್ಷಣೆ ಘಟ್ಟದಲ್ಲಿ ಕೆಲಸಕ್ಕೆ ಬಾರದು. ಎಷ್ಟು ಹೊತ್ತು ಎಂದೂ ಕೇಳಬೇಕು. ಸ್ವಲ್ಪ ಹೆಚ್ಚಾದರೆ ಸಾಕಷ್ಟು ಹೊತ್ತು ಕಾಯಬೇಕು, ಬಹಳ ಹೆಚ್ಚಾದರೆ ಬೇಗ ಬೀಳಬೇಕು, ಶಾರ್ಟ್ ಸರ್ಕಿಟ್ ಆದರೆ ಸೆಕೆಂಡಿನ ಹತ್ತನೇ ಒಂದು ಪಾಲೂ ಕಾಯಬಾರದು. ನಿಮ್ಮ ಪಂಪಿನ ಸ್ಟಾರ್ಟರಿನಲ್ಲಿ ಬಾಗುವ ಜೋಡಿಲೋಹದ ಪಟ್ಟಿ ಇದೆಯಲ್ಲ, ಅದು ಮಾಡುವುದೂ ಇದನ್ನೇ. ಪಂಪು ಶುರುವಾಗುವಾಗ ಐದಾರು ಪಟ್ಟು ಕರೆಂಟು ಎಳೆದರೂ ಬೀಳುವುದಿಲ್ಲ. ವೋಲ್ಟೇಜ್ ಇಳಿದು, ಅದೇ ಕೆಲಸಕ್ಕೆ ಹೆಚ್ಚು ಕರೆಂಟು ಎಳೆಯುತ್ತಾ ಹತ್ತು ನಿಮಿಷ ಓಡಿದರೆ ಬೀಳುತ್ತದೆ. ನಮ್ಮ ತಂದೆ ಕಡ್ಡಿ ಸಿಕ್ಕಿಸಿದ್ದು ಆ ತೀರ್ಪಿನ ಬಾಯಿಗೆ.

ಶೆಡ್ಡಿನಲ್ಲಿ ನೋಡಿದ ಒಂದು ಮೋಟಾರಿನ ವಿಷಯ ಹೇಳಬೇಕು. ಗೂಡ್ಸ್ ಗಾಡಿ ಏರಿನಲ್ಲಿ ಸಿಕ್ಕಿಕೊಂಡು, ಚಕ್ರ ತಿರುಗದೆ ನಿಂತಿದ್ದಾಗಲೂ ನಾಚ್ ಇಳಿಸದೆ ಪ್ರಯತ್ನಿಸುತ್ತಲೇ ಇದ್ದರಂತೆ. ರಿಲೇ ಬಿದ್ದಿರಲಿಲ್ಲ, ಏಕೆಂದರೆ ಕರೆಂಟು ಅದರ ಮಿತಿಯೊಳಗೇ ಇತ್ತು. ಆರ್ಮೇಚರನ್ನು, ಅಂದರೆ ಮೋಟಾರಿನೊಳಗೆ ತಿರುಗುವ ಭಾಗವನ್ನು, ಹೊರತೆಗೆದು ಕಟ್ಟೆಯ ಮೇಲೆ ಇಟ್ಟು ಕೈಯಿಂದ ನಿಧಾನವಾಗಿ ತಿರುಗಿಸಿದೆವು. ಕಮ್ಯುಟೇಟರ್ ಎಂದರೆ ತಾಮ್ರದ ಸಣ್ಣ ಪಟ್ಟಿಗಳನ್ನು ಜೋಡಿಸಿದ ಉರುಳೆ, ಕಾರ್ಬನ್ ಬ್ರಷ್‌ಗಳು ಅದರ ಮೇಲೆ ಜಾರುತ್ತಾ ಕರೆಂಟು ಕೊಡುತ್ತವೆ. ಚೆನ್ನಾಗಿ ಓಡಿದ ಕಮ್ಯುಟೇಟರಿಗೆ ಸುತ್ತಲೂ ಒಂದೇ ಸಮನಾದ ಚಾಕಲೇಟು ಬಣ್ಣದ ಹೊಳಪು ಇರುತ್ತದೆ. ಇದಕ್ಕೂ ಇತ್ತು, ಆದರೆ ನಡುನಡುವೆ ಕಪ್ಪು ಮಚ್ಚೆ. ಎಣಿಸಿದೆವು: ಆರು. ಒಂದರಿಂದ ಒಂದಕ್ಕೆ ಒಂದೇ ದೂರ. ಬೆರಳಾಡಿಸಿದರೆ ಆ ಜಾಗದಲ್ಲಿ ಪಟ್ಟಿಗಳು ಕೂದಲೆಳೆಯಷ್ಟು ಎದ್ದದ್ದು ಉಗುರಿಗೆ ತಾಗುತ್ತಿತ್ತು. ಆ ಮೋಟಾರಿಗೆ ಬ್ರಷ್ ಹಿಡಿಗಳೂ ಆರು. ತಿರುಗುವಾಗ ನೂರಾರು ಪಟ್ಟಿಗಳು ಹಂಚಿಕೊಳ್ಳುವ ಕರೆಂಟನ್ನು ನಿಂತಲ್ಲೇ ನಿಂತ ಕೆಲವೇ ಪಟ್ಟಿಗಳು ಹೊತ್ತಿದ್ದವು. ಹಿರಿಯ ಫಿಟ್ಟರ್ ಒಬ್ಬರು ನೋಡಿದವರೇ, "ಇದು ಓಡಿ ಸುಟ್ಟದ್ದಲ್ಲ, ನಿಂತು ಸುಟ್ಟದ್ದು" ಎಂದರು. ಯಾವ ವರದಿಯೂ ಅದಕ್ಕಿಂತ ಸ್ಪಷ್ಟವಾಗಿ ಬರೆದಿರಲಿಲ್ಲ. ಆವತ್ತಿನಿಂದ ಹೊಸಬರಿಗೆ ನಾನು ಹೇಳುತ್ತಿದ್ದೆ: ಮೀಟರು ತೋರಿಸುವ ಕರೆಂಟು ಒಂದೇ ಆದರೂ ಓಡುವ ಮೋಟಾರಿಗೆ ಅದು ಊಟ, ನಿಂತ ಮೋಟಾರಿಗೆ ವಿಷ.

ಈಗ ಎಂಜಿನ್ನಿನ ಒಳಗೆ ಬನ್ನಿ. ಚಾಲಕನ ಕೋಣೆಯ ಹಿಂದೆ ರಿಲೇಗಳನ್ನು ಸಾಲಾಗಿ ಕೂರಿಸಿದ ಫಲಕ ಇರುತ್ತದೆ. ಹಳೆಯ ಎಸಿ ಎಂಜಿನ್ನುಗಳಲ್ಲಿ ಅವುಗಳ ಹೆಸರೆಲ್ಲ ಕ್ಯೂ ಅಕ್ಷರದಿಂದ ಶುರು. ಕ್ಯೂಎಲ್‌ಎಂ ಎನ್ನುವುದು ಟ್ರಾನ್ಸ್‌ಫಾರ್ಮರಿಗೆ ಬರುವ ಒಟ್ಟು ಕರೆಂಟನ್ನು ಕಾಯುತ್ತದೆ. ಕ್ಯೂಆರ್‌ಎಸ್‌ಐ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರಿನಿಂದ ಮೋಟಾರುಗಳಿಗೆ ಹೋಗುವ ಕರೆಂಟನ್ನು ನೋಡುತ್ತದೆ. ಕ್ಯೂಒಪಿ ಕರೆಂಟು ಎಲ್ಲಾದರೂ ಎಂಜಿನ್ನಿನ ಮೈಗೆ ಸೋರುತ್ತಿದೆಯೇ ಎಂದು ನೋಡುತ್ತದೆ. ಯಾವುದಕ್ಕೆ ಸಿಟ್ಟು ಬಂದರೂ ಫಲ ಒಂದೇ: ಮುಖ್ಯ ಬ್ರೇಕರ್ ತೆರೆದು ಕರೆಂಟು ಕಡಿಯುತ್ತದೆ. ಅದನ್ನು ಎಲ್ಲರೂ ಡಿಜೆ ಎನ್ನುತ್ತಾರೆ. ನಮ್ಮ ಮದುವೆಗಳ ಡಿಜೆ ಅಲ್ಲ, ಬ್ರೇಕರಿಗೆ ಫ್ರೆಂಚರು ಹೇಳುವ 'ಡಿಸ್‌ಜೊಂಕ್ತರ್' ಎಂಬ ಹೆಸರಿನ ಉಳಿಕೆ. ನಮ್ಮ ಮೊದಲ ಎಸಿ ಎಂಜಿನ್ನುಗಳು ಯುರೋಪಿನಿಂದ ಬಂದವು, ಅವುಗಳ ನಕ್ಷೆಯ ಅಕ್ಷರಗಳು ಇಲ್ಲೇ ಉಳಿದವು. ಫ್ರೆಂಚಿನ ಒಂದು ಪದವನ್ನೂ ಕೇಳದ ಚಾಲಕರು "ಡಿಜೆ ಬಿತ್ತು" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಾರೆ.

ರಿಲೇ ಬಿದ್ದಾಗ ಅದರ ಕಿಟಕಿಯಲ್ಲಿ ಕೆಂಪು ಗುರುತು ಇಳಿಯುತ್ತದೆ, ಟಾರ್ಗೆಟ್ ಎನ್ನುತ್ತೇವೆ. ಯಾರು ದೂರು ಕೊಟ್ಟರು ಎನ್ನುವುದಕ್ಕೆ ಸಾಕ್ಷಿ ಅದು. ಕೆಲವು ರಿಲೇಗಳಿಗೆ, ಅಂದರೆ ಕಾವಲು ಕೆಲಸದವಲ್ಲದ ರಿಲೇಗಳಿಗೆ, ದಾರಿಯಲ್ಲಿ ತೊಂದರೆ ಕೊಟ್ಟಾಗ ಬೆಣೆ ಹೊಡೆದು ಗಾಡಿ ತೆಗೆದುಕೊಂಡು ಹೋಗಲು ನಿಯಮದಲ್ಲೇ ಅವಕಾಶವಿತ್ತು. ಹೌದು, ಅಲ್ಲೂ ಕಡ್ಡಿ! ಆದರೆ ಅತಿ ಕರೆಂಟನ್ನು ಕಾಯುವ ರಿಲೇಗಳಿಗೆ ಬೆಣೆ ಹೊಡೆಯುವಂತಿಲ್ಲ. ಸೋರಿಕೆಯ ಕ್ಯೂಒಪಿಯನ್ನು ಮಾತ್ರ ಒಂದು ಸ್ವಿಚ್ ತಿರುಗಿಸಿ ಪಕ್ಕಕ್ಕಿಟ್ಟು ಮುಂದಿನ ನಿಲ್ದಾಣದವರೆಗೆ ಹೋಗಬಹುದಿತ್ತು. ಆಗ ಸಹಾಯಕ ಚಾಲಕ ಬೆಂಕಿ ಆರಿಸುವ ಸಿಲಿಂಡರ್ ಸಿದ್ಧವಿಟ್ಟುಕೊಂಡು ಎಂಜಿನ್ನಿನ ಕಾರಿಡಾರಿನಲ್ಲಿ ಹೊಗೆ, ವಾಸನೆ ನೋಡುತ್ತಾ ಓಡಾಡಬೇಕು. ರಿಲೇಯನ್ನು ತೆಗೆದ ಜಾಗದಲ್ಲಿ ಮನುಷ್ಯನ ಮೂಗನ್ನು ಇಟ್ಟ ಹಾಗೆ. ಕೆಲವರು ಇದನ್ನು ಹಳೆಯ ಕಾಲದ ಜುಗಾಡ್ ಎಂದು ನಗುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ರಕ್ಷಣೆಯನ್ನು ತೆಗೆದವನು ಅದರ ಬದಲಿಗೆ ತಾನು ಎಚ್ಚರ ಇರಬೇಕು ಎಂಬ ಕರಾರು ಅಲ್ಲಿದೆ. ನಮ್ಮ ತಂದೆಯ ಕಡ್ಡಿಗೂ ಅದಕ್ಕೂ ಇರುವ ವ್ಯತ್ಯಾಸ ಅಷ್ಟೇ: ಅವರು ಮನೆಗೆ ಬಂದು ಮಲಗಿದರು.

ಹುಡುಗರಿಗಾಗಿ ಒಂದು ಸಣ್ಣ ಮಾತು. ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ತಾನಾಗಿಯೇ ಸೊನ್ನೆಗೆ ಬರುತ್ತದೆ, ಬ್ರೇಕರ್ ತೆರೆದಾಗ ಕಿಡಿ ಆ ಸೊನ್ನೆಯಲ್ಲಿ ಆರುತ್ತದೆ. ಡಿಸಿಗೆ ಸೊನ್ನೆ ಇಲ್ಲ. ಬೆಂಗಳೂರಿನ ಮೆಟ್ರೊ ಮೂರನೆಯ ಹಳಿಯಿಂದ 750 ವೋಲ್ಟ್ ಡಿಸಿ ತೆಗೆದುಕೊಳ್ಳುತ್ತದೆ. ಅಂಥ ಕಡೆ ಬ್ರೇಕರಿನ ಕಿಡಿಯನ್ನು ಅಯಸ್ಕಾಂತದಿಂದ ಊದಿ, ತಟ್ಟೆಗಳ ನಡುವೆ ಎಳೆದು, ತುಂಡು ತುಂಡು ಮಾಡಿ ಆರಿಸಬೇಕು. ವೋಲ್ಟೇಜ್ ಕಡಿಮೆ, ಆದರೆ ಕಡಿಯುವುದು ಕಷ್ಟ.

ಮಳೆಗಾಲದ ವಿಷಯ ಬಿಡುವಂತಿಲ್ಲ. ದೋಣಿಗಲ್, ಯಡಕುಮರಿ ಕಡೆ ಹಳಿಯ ಮೇಲೆ ನೀರು, ಎಲೆ, ಪಾಚಿ. ಒಂದು ಚಕ್ರ ಜಾರಿತು ಎನ್ನಿ. ಆ ಮೋಟಾರು ಹಗುರಾಗಿ ಗಿರ್ರನೆ ತಿರುಗುತ್ತದೆ, ಎದುರು ವೋಲ್ಟೇಜ್ ಏರುತ್ತದೆ, ಕರೆಂಟು ಇಳಿಯುತ್ತದೆ. ಅದರ ಪಾಲಿನ ಭಾರ ಉಳಿದವುಗಳ ಹೆಗಲಿಗೆ. ಮೋಟಾರುಗಳ ಕರೆಂಟನ್ನು ಹೋಲಿಸಿ ನೋಡುವ ರಿಲೇ ಒಂದು ಈ ವ್ಯತ್ಯಾಸವನ್ನು ಹಿಡಿದು, ಚಕ್ರಕ್ಕೆ ಹಿಡಿತ ಸಿಗಲೆಂದು ಹಳಿಯ ಮೇಲೆ ಮರಳು ಬಿಡಿಸುತ್ತದೆ. ಗಿರ್ರೆನ್ನುವ ಚಕ್ರ ಮರಳಿನ ಮೇಲೆ ಥಟ್ಟನೆ ಹಿಡಿದುಕೊಂಡರೆ ಅದೂ ಪೆಟ್ಟೇ: ಕರೆಂಟು ಒಮ್ಮೆಗೇ ಮೇಲೆ ಜಿಗಿದು ಬ್ರಷ್‌ನಿಂದ ಬ್ರಷ್‌ಗೆ ಬೆಂಕಿ ಹರಿಯಬಹುದು. ಅನುಭವಿ ಚಾಲಕರು ಮೊದಲು ನಾಚ್ ಇಳಿಸುತ್ತಾರೆ, ಆಮೇಲೆ ಮರಳು.

ಈಗಿನ ಡಬ್ಲ್ಯುಎಜಿ-9, ಡಬ್ಲ್ಯುಎಪಿ-7 ಎಂಜಿನ್ನುಗಳಲ್ಲಿ ಕಮ್ಯುಟೇಟರೂ ಇಲ್ಲ, ಬ್ರಷ್ಶೂ ಇಲ್ಲ. ನಿಮ್ಮ ಪಂಪಿನ ಜಾತಿಯದೇ ಮೂರು ಫೇಸಿನ ಇಂಡಕ್ಷನ್ ಮೋಟಾರು. ಕಂಪ್ಯೂಟರು ಕರೆಂಟನ್ನು ಎಡೆಬಿಡದೆ ಅಳೆಯುತ್ತದೆ, ಮೋಟಾರಿನ ಬಿಸಿಯನ್ನು ಸೆನ್ಸರ್ ನೇರವಾಗಿ ಹೇಳುತ್ತದೆ. ಮಿತಿ ದಾಟುವ ಮುಂಚೆಯೇ ಎಳೆತವನ್ನು ಮೆಲ್ಲಗೆ ತಗ್ಗಿಸುತ್ತದೆ, ಬೀಳುವ ಪ್ರಸಂಗವೇ ಕಡಿಮೆ. ಆರು ಮಚ್ಚೆಯ ಕಮ್ಯುಟೇಟರನ್ನು ಮುಂದಿನ ಪೀಳಿಗೆಯ ಫಿಟ್ಟರುಗಳು ನೋಡುವುದಿಲ್ಲ. ಒಳ್ಳೆಯದೇ ಆಯಿತು, ಆದರೂ ಬೆರಳಿಂದ ಓದುವ ಒಂದು ವಿದ್ಯೆ ಹೋಯಿತಲ್ಲ ಎಂದು ನನ್ನಂಥವರಿಗೆ ಸ್ವಲ್ಪ ಕಸಿವಿಸಿ.

ಕೊನೆಯಲ್ಲಿ ಒಬ್ಬ ಹುಡುಗ ಚೀಟಿ ಕಳುಹಿಸಿದ್ದಾನೆ: ಗಾಡಿ ಘಟ್ಟ ಇಳಿಯುವಾಗ ಕರೆಂಟೇ ಬೇಡವಲ್ಲ, ಆಗ ಮೋಟಾರಿಗೆ ವಿಶ್ರಾಂತಿಯೇ? ಇಲ್ಲ. ಇಳಿಯುವಾಗ ಮೋಟಾರನ್ನು ಪೂರ್ತಿ ಜನರೇಟರ್ ಮಾಡುತ್ತಾರೆ. ಗಾಡಿಯ ಭಾರ ಅದನ್ನು ತಿರುಗಿಸುತ್ತದೆ, ಹುಟ್ಟಿದ ಕರೆಂಟನ್ನು ಪ್ರತಿರೋಧದ ಪಟ್ಟಿಗಳಲ್ಲಿ ಸುಡುತ್ತಾರೆ, ಹೊಸ ಎಂಜಿನ್ನುಗಳಾದರೆ ಮೇಲಿನ ತಂತಿಗೆ ವಾಪಸು ಕೊಡುತ್ತವೆ. ಅದೇ ಬ್ರೇಕು. ಆ ಪಟ್ಟಿಗಳನ್ನು ತಣಿಸುವ ಫ್ಯಾನಿನ ಮೊರೆತ ರಾತ್ರಿ ಸಕಲೇಶಪುರದ ಕಡೆಯ ತೋಟಗಳಿಗೆ ಕೇಳುತ್ತದೆ. ಆ ಕರೆಂಟಿಗೂ ಮಿತಿ ಇದೆ, ಕಾಯಲು ರಿಲೇ ಇದೆ. ಆದರೆ ಇಲ್ಲಿ ಲೆಕ್ಕ ತಿರುಗುಮುರುಗು. ಏರುವಾಗ ರಿಲೇ ಬಿದ್ದರೆ ಗಾಡಿ ನಿಲ್ಲುತ್ತದೆ. ಇಳಿಯುವಾಗ ಬಿದ್ದರೆ ಮೋಟಾರು ಉಳಿಯುತ್ತದೆ, ಬ್ರೇಕು ಹೋಗುತ್ತದೆ, ಗಾಡಿ ಓಡತೊಡಗುತ್ತದೆ. ಆಗ ಗಾಡಿಯನ್ನು ಹಿಡಿಯುವುದು ಗಾಳಿ ಬ್ರೇಕು ಒಂದೇ. ಹಾಗಾಗಿ ಘಟ್ಟಕ್ಕೆ ಇಳಿಸುವ ಮೊದಲು ಗಾಡಿ ನಿಲ್ಲಿಸಿ, ಕೊನೆಯ ಡಬ್ಬಿಯವರೆಗೂ ಗಾಳಿಯ ಒತ್ತಡ ಸರಿಯಿದೆಯೇ ಎಂದು ನೋಡಿಯೇ ಬಿಡುತ್ತಾರೆ. ಸಕಲೇಶಪುರದಲ್ಲಿ ಗಾಡಿ ಯಾಕಿಷ್ಟು ಹೊತ್ತು ನಿಂತಿದೆ ಎಂದು ನೀವು ಬೈಯುವುದು ಆ ಹೊತ್ತಿನಲ್ಲಿಯೇ.